ಜಳಕದ ಪದವಿ

ನಮ್ಮ ಮನೆಯ ಬಚ್ಚಲಿನಲ್ಲಿ ಒಂದು ತಾಮ್ರದ ಪಾತ್ರೆ ಇದೆ. ತಂಬಿಗೆ ಎನ್ನೋಣವೆಂದರೆ ಅದಕ್ಕೆ ಮೂತಿ ಇದೆ; ಕೆಟಲ್ ಎನ್ನೋಣವೆಂದರೆ ಹಿಡಿಕೆ ಇಲ್ಲ. ದಪ್ಪ ಹೊಟ್ಟೆ, ಸಣ್ಣ ಕುತ್ತಿಗೆ, ಏನನ್ನೋ ಕೇಳಲು ಮುಂದೆ ಚಾಚಿಕೊಂಡಂತಿರುವ ಮೂತಿ. ರಾಣೇಬೆನ್ನೂರಿನ ಈ ಮನೆಗೆ ಗೀಜರ್ ಬಂತು, ಶವರ್ ಬಂತು, ಬಕೆಟ್ಟು ಮಗ್ಗುಗಳು ಬಣ್ಣ ಬದಲಿಸಿಕೊಂಡು ಬಂದು ಹೋದವು. ಆ ಪಾತ್ರೆ ಮಾತ್ರ ಮೂಲೆಯ ಕಲ್ಲಿನ ಮೇಲಿಂದ ಏಳಲಿಲ್ಲ. ನಾನು ದಿನಾ ಅದರಿಂದಲೇ ಜಳಕ ಮಾಡುತ್ತೇನೆ. ಸುಲಭವೇನಲ್ಲ. ಬಾಯಿಂದ ಸುರಿದುಕೊಂಡರೆ ಮೂತಿಯಿಂದಲೂ ಒಂದು ಎಳೆ ನೀರು ತನಗೆ ಬೇಕಾದ ದಿಕ್ಕಿಗೆ ಹೋಗುತ್ತದೆ. ಗೂಟಕ್ಕೆ ಹಾಕಿದ ಟವೆಲ್ಲು ತೋಯುತ್ತದೆ.

ಮಗಳು ಕಾಲೇಜಿಗೆ ಹೋಗುವವಳು. ಟವೆಲ್ಲು ತೋಯಿಸುವ ಈ ಪಾತ್ರೆಯ ಮೇಲೆ ಅವಳಿಗೆ ಸಿಟ್ಟು. ಇದನ್ನ ಗುಜರಿಗೆ ಹಾಕಿಬಿಡೂಣು ಮಮ್ಮಿ ಎಂದು ತಿಂಗಳಿಗೊಮ್ಮೆಯಾದರೂ ಅನ್ನುತ್ತಾಳೆ. ಆಗ ನಮ್ಮ ಮನೆಯವರು ಪಡಸಾಲೆಯಿಂದಲೇ ಕೂಗಿ ಹೇಳುತ್ತಾರೆ: “ಏ, ಅದು ನಿಮ್ಮವ್ವನ ಡಿಗ್ರಿ ಸರ್ಟಿಫಿಕೇಟ್ ಐತಿ. ಮುಟ್ಟೀಗಿಟ್ಟೀ ಮತ್ತ.”

ಅವರದು ಬೀಜದ ಅಂಗಡಿ. ಚೇಷ್ಟೆಯನ್ನೂ ತೂಗಿಯೇ ಮಾಡುವ ಜಾತಿ. ಆದರೆ ಈ ಮಾತಿನಲ್ಲಿ ಚೇಷ್ಟೆಗಿಂತ ಖರೇ ಹೆಚ್ಚಿದೆ ಎಂದು ನನಗೆ ತಿಳಿದದ್ದು ಈಚೆಗೆ, ಅದೂ ಎಂಟನೇ ತರಗತಿಯಲ್ಲಿ.

ಗಾಬರಿಯಾಗಬೇಡಿ. ಎಂಟನೇ ತರಗತಿಯನ್ನು ನಾನು ಯಾವಾಗಲೋ ಪಾಸಾಗಿದ್ದೇನೆ. ಈಗ ಅಲ್ಲಿ ಹಿಂದಿ ಕಲಿಸುತ್ತೇನೆ. ಪಾಸಾದ ವಿಷಯ ಬಂದರೆ ನನಗೆ ಮಾತು ತುಸು ಹೆಚ್ಚು. ಅಪ್ಪನ ಕಡೆ, ಅವ್ವನ ಕಡೆ, ಎರಡೂ ಕಡೆ ಹಿಂದಕ್ಕೆ ಎಷ್ಟು ದೂರ ನಡೆದು ಹೋದರೂ ಡಿಗ್ರಿ ಮುಗಿಸಿದವರು ಯಾರೂ ಸಿಗುವುದಿಲ್ಲ. ನನ್ನ ಹತ್ತಿರ ಬಂದೇ ಆ ಹುಡುಕಾಟ ನಿಲ್ಲುತ್ತದೆ. ಹೀಗಾಗಿ ಗೇಟಿನ ಕಲ್ಲಿನಲ್ಲಿ ನನ್ನ ಹೆಸರಿನ ಮುಂದೆ ಬಿ.ಎ., ಬಿ.ಇಡಿ. ಎಂದು ಕೆತ್ತಿಸಿದ್ದೇನೆ. ಬಳಗದವರ ಲಗ್ನಪತ್ರಿಕೆಯಲ್ಲಿ ಅದನ್ನು ಬಿಟ್ಟು ಅಚ್ಚು ಹಾಕಿಸಿದರೆ ಮದುವೆಗೆ ಹೋಗುತ್ತೇನೆ, ಊಟಕ್ಕೂ ಕೂರುತ್ತೇನೆ, ಎರಡನೇ ಸಲ ಹೋಳಿಗೆ ಮಾತ್ರ ಹಾಕಿಸಿಕೊಳ್ಳುವುದಿಲ್ಲ. ದೊಡ್ಡಸ್ತಿಕೆ ಎಂದು ನೀವು ನಗಬಹುದು. ನಗಿರಿ. ಅದರಲ್ಲಿ ಬಿ.ಎ. ಎಂಬ ಎರಡು ಅಕ್ಷರ ಯಾವ ದಾರಿಯಲ್ಲಿ ಬಂದವೆಂದು ಹೇಳಿದ ಮೇಲೆ ಇನ್ನೊಮ್ಮೆ ನೋಡೋಣ.

ಅವತ್ತು ಪಾಠದಲ್ಲಿ ‘ಸ್ನಾತಕ’ ಎಂಬ ಪದ ಬಂತು. ಹಿಂದಿಯಲ್ಲಿ ಡಿಗ್ರಿ ಮುಗಿಸಿದವರಿಗೆ ಸ್ನಾತಕ ಎನ್ನುತ್ತಾರೆ. ನಾವು ಪದವೀಧರ ಎನ್ನುತ್ತೇವೆ, ಆದರೆ ಎಂ.ಎ. ಮಟ್ಟಕ್ಕೆ ಏರಿದ ಕೂಡಲೇ ನಾವೂ ಸ್ನಾತಕೋತ್ತರ ಎನ್ನತೊಡಗುತ್ತೇವೆ. ಕೆಳಗಿನ ಮನೆ ನಮ್ಮದು, ಅಟ್ಟ ಅವರದು ಅನ್ನುವ ಹಾಗೆ. ಬೋರ್ಡಿನ ಮೇಲೆ ಅರ್ಥ ಬರೆದು ಮುಂದೆ ಹೋಗುವವಳಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಟೀಚರ್, ಸ್ನಾತಕಕ್ಕೂ ಸ್ನಾನಕ್ಕೂ ಏನರ ಸಂಬಂಧ ಐತೇನ್ರಿ?”

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಉತ್ತರ ಗೊತ್ತಿಲ್ಲದಾಗ ನಗು ಶಿಕ್ಷಕರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ನಾಳೆ ಹೇಳುತ್ತೇನೆ ಎಂದು ಹೇಳಿ ಗಂಟೆ ಹೊಡೆಯುವುದನ್ನು ಕಾಯುತ್ತ ನಿಂತೆ.

ಗಂಟೆ ಹೊಡೆದ ಮೇಲೆ ಶಾಲೆಯ ಕಪಾಟಿನಲ್ಲಿದ್ದ ದಪ್ಪನೆಯ ಸಂಸ್ಕೃತ ಕೋಶವನ್ನು ಧೂಳು ಜಾಡಿಸಿ ತೆರೆದೆ. ಸಂಬಂಧ ಇದೆಯೇ ಎಂದು ಕೇಳಿದ್ದಳಲ್ಲ ಹುಡುಗಿ. ಎರಡಕ್ಕೂ ಮನೆಯೇ ಒಂದು. ‘ಸ್ನಾ’ ಎನ್ನುವುದು ಧಾತು. ಮೀಯುವುದು, ನಮ್ಮ ಮಾತಿನಲ್ಲಿ ಜಳಕ ಮಾಡುವುದು. ಅದಕ್ಕೆ ‘ಕ್ತ’ ಎಂಬ ಪ್ರತ್ಯಯ ಹತ್ತುತ್ತದೆ. ಆಗಿ ಮುಗಿದ ಕೆಲಸವನ್ನು ಹೇಳುವ ಪ್ರತ್ಯಯ. ಅದರಲ್ಲಿ ‘ಕ್’ ಎಂಬುದು ವ್ಯಾಕರಣದವರು ಹಿಡಿದೆತ್ತಲಿಕ್ಕೆ ಇಟ್ಟುಕೊಂಡ ಹಿಡಿಕೆ. ಬ್ಯಾಡಗಿ ಮೆಣಸಿನಕಾಯಿಯ ತುಂಬಿನ ಹಾಗೆ. ತುಂಬು ಎಂದರೆ ತೊಟ್ಟು; ಗಿಡದಿಂದ ಬಿಡಿಸುವಾಗ ಹಿಡಿಯಲಿಕ್ಕೆ ಬೇಕು, ಆಮೇಲೆ ಮುರಿದು ಒಗೆಯುತ್ತಾರೆ. ‘ಕ್’ ಉದುರಿ ‘ತ’ ಉಳಿಯುತ್ತದೆ. ಸ್ನಾತ, ಎಂದರೆ ಮಿಂದ. ಕೊನೆಗೆ ಒಂದು ‘ಕ’ ಬಂದು ಸೇರಿ, ಮಿಂದದ್ದನ್ನೇ ಒಂದು ಬಿರುದು ಮಾಡಿಬಿಡುತ್ತದೆ. ಸ್ನಾತಕ: ಮಿಂದವನು.

ಹಿಂದೆ ಗುರುವಿನ ಮನೆಯಲ್ಲಿದ್ದು ಓದುತ್ತಿದ್ದ ಕಾಲದಲ್ಲಿ, ಓದು ಮುಗಿದವನಿಗೆ ಕೊನೆಯ ದಿನ ಒಂದು ಸ್ನಾನ ಆಗುತ್ತಿತ್ತಂತೆ. ಆ ಸ್ನಾನವೇ ಪರೀಕ್ಷೆಯ ಫಲಿತಾಂಶ, ಅದೇ ಸರ್ಟಿಫಿಕೇಟು. ಮೈ ಒರೆಸಿಕೊಂಡು ಊರಿಗೆ ಹೊರಡುವುದು, ಬೇಕಾದರೆ ಮದುವೆಯಾಗುವುದು. ಸ್ನಾತಕರಲ್ಲಿ ಮೂರು ಬಗೆಯವರಿದ್ದರು ಎಂದೂ ಓದಿದೆ: ವಿದ್ಯೆ ಮುಗಿಸಿ ವ್ರತ ಉಳಿಸಿಕೊಂಡು ಮಿಂದವರು, ವ್ರತ ಮುಗಿಸಿ ವಿದ್ಯೆ ಉಳಿಸಿಕೊಂಡು ಮಿಂದವರು, ಎರಡೂ ಮುಗಿಸಿ ಮಿಂದವರು. ಒಂದು ಸಬ್ಜೆಕ್ಟ್ ಉಳಿಸಿಕೊಂಡವರು ಆಗಲೂ ಇದ್ದರು ಎಂದು ತಿಳಿದು ಯಾಕೋ ಸಮಾಧಾನವಾಯಿತು. ಅದೇ ಧಾತುವಿಗೆ ಮುಂದೆ ‘ನಿ’ ಹಚ್ಚಿದರೆ ನಿಷ್ಣಾತ ಆಗುತ್ತದೆ. ಒಂದು ವಿದ್ಯೆಯಲ್ಲಿ ಮುಳುಗಿ ಮಿಂದವನು. ನಾವು ದಿನಾ ಪೇಪರಿನಲ್ಲಿ ಓದುವ ನಿಷ್ಣಾತ ವೈದ್ಯರೆಲ್ಲ, ಹಾಗೆ ನೋಡಿದರೆ, ಕೂದಲಿಂದ ನೀರು ಸೋರಿಸುತ್ತ ನಿಂತವರೇ.

ಹೆಣ್ಣುಮಕ್ಕಳಿಗೆ ಏನನ್ನಬೇಕು ಎಂದು ನೋಡಿದೆ. ಸ್ನಾತಿಕಾ ಎಂಬ ರೂಪವಿದೆ. ಇದೆ, ಅಷ್ಟೇ, ಹಬ್ಬಕ್ಕೆಂದು ತೆಗೆದಿಟ್ಟ ಸೀರೆಯ ಹಾಗೆ ಮಡಿಕೆ ಬಿಚ್ಚದೆ ಇದೆ. ಹಿಂದಿಯ ಅರ್ಜಿಗಳಲ್ಲಿ ಹೆಣ್ಣಿಗೂ ಸ್ನಾತಕ ಎಂದೇ ಬರೆಯುತ್ತಾರೆ. ಹೋಗುವವಳು ಬಂದವಳು ಎಂದು ಕ್ರಿಯಾಪದದ ತುದಿಯವರೆಗೂ ಹೆಣ್ಣು ಗಂಡು ನೋಡುವ ಭಾಷೆ ಇಲ್ಲಿಗೆ ಬಂದಾಗ ಸುಮ್ಮನಾಗುತ್ತದೆ. ಗುರುವಿನ ಮನೆಗೆ ಹೆಣ್ಣುಮಕ್ಕಳನ್ನು ಕಳಿಸುವವರು ಕಡಿಮೆ ಇದ್ದಾಗ ಆ ಪದಕ್ಕೆ ಕೆಲಸವೂ ಕಡಿಮೆ ಇದ್ದಿರಬೇಕು.

ಕೋಶ ಮುಚ್ಚಿಟ್ಟು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಕಣ್ಣ ಮುಂದೆ ಮೈದಾನ ಇತ್ತು, ಆದರೆ ಕಂಡದ್ದು ಒಂದು ಹಸಿ ನೂಲು. ಅರಿಶಿಣ ಹಚ್ಚಿದ, ಬಿಸಿಲಿಗೆ ಮಿರಿಮಿರಿ ಮಿಂಚುವ ನೂಲು.

ನನ್ನ ತವರು ಮೋಟೆಬೆನ್ನೂರು. ಬ್ಯಾಡಗಿ ಅಲ್ಲಿಂದ ಹತ್ತಿರ. ಮೆಣಸಿನಕಾಯಿಯ ದಿನಗಳಲ್ಲಿ ಅವ್ವ ತುಂಬು ಬಿಡಿಸಲು ಬ್ಯಾಡಗಿಗೆ ಹೋಗುತ್ತಿದ್ದಳು. ನೆಲವೇ ಕಾಣದಂತೆ ಹರವಿದ ಕೆಂಪಿನ ನಡುವೆ ಹೆಂಗಸರು ಸಾಲಾಗಿ ಕುಳಿತಿರುತ್ತಿದ್ದರು. ದೂರದಿಂದ ನೋಡಿದರೆ ಕೆಂಪು ಕೆರೆಯಲ್ಲಿ ಮೊಣಕಾಲುಮಟ ಇಳಿದು ಏನನ್ನೋ ಹುಡುಕುತ್ತಿದ್ದಾರೆ ಅನಿಸುತ್ತಿತ್ತು. ಸಂಜೆ ಮನೆಗೆ ಬಂದ ಅವ್ವ ನಮ್ಮನ್ನು ಮುಟ್ಟುತ್ತಿರಲಿಲ್ಲ. ಮೊದಲು ಕೈಗೆ ಎಣ್ಣೆ ತಿಕ್ಕಿಕೊಂಡು ತಣ್ಣೀರಿನ ಜಳಕ ಮಾಡಬೇಕು. ಬಿಸಿನೀರು ಬಿದ್ದರೆ ಖಾರ ಮೈಗೆ ಏರುತ್ತದೆ. ಜಳಕ ಮುಗಿಸಿ ಬಂದ ಮೇಲೆಯೇ ನಾವು ಅವಳ ತೊಡೆಯ ಮೇಲೆ ತಲೆ ಇಡುವುದು. ಹೀಗಾಗಿ ನನಗೆ ಚಿಕ್ಕಂದಿನಿಂದಲೂ ಜಳಕವೆಂದರೆ ಒಂದು ಬಾಗಿಲು. ಅದರ ಆಚೆ ಕೆಲಸ, ಈಚೆ ಅವ್ವ.

ಇನ್ನು ನೀಲವ್ವ ಅತ್ತೆ. ಅಪ್ಪನ ಅಕ್ಕ. ಕದರಮಂಡಲಗಿಗೆ ಕೊಟ್ಟಿತ್ತು. ಹನುಮಪ್ಪನ ಗುಡಿಯಿರುವ ಊರಿನವಳು ಎಂದು ಅವಳ ಮಾತಿಗೆ ನಮ್ಮ ಮನೆಯಲ್ಲಿ ಒಂದು ತೂಕ ಹೆಚ್ಚು. ಯಾವ ವಾರ ತಲೆಗೆ ಎರೆದುಕೊಳ್ಳಬಾರದು, ಹೊಸ ಮೊರ ಯಾರ ಕೈಯಿಂದ ತರಿಸಬೇಕು, ಸೋಬಾನೆಯಲ್ಲಿ ಮೊದಲ ನುಡಿ ಯಾರು ಎತ್ತಬೇಕು, ಎಲ್ಲದಕ್ಕೂ ಅವಳ ಹತ್ತಿರ ನಿಯಮ ಇತ್ತು. ವ್ಯಾಕರಣ ಓದಿದ ಮೇಲೆ ನನಗೆ ಅನಿಸಿದ್ದುಂಟು, ಸಂಸ್ಕೃತದವರು ಸೂತ್ರ ಹೇಳುವುದೂ ಹೀಗೆಯೇ: ಕಡಿಮೆ ಮಾತು, ಎದುರು ಮಾತಿಲ್ಲ.

ನನ್ನ ಕಾಲೇಜು ಅವಳಿಗೆ ಬೇಡವಾಗಿತ್ತು. ನಾನು ದಿನಾ ಬಸ್ಸು ಹಿಡಿದು ಹಾವೇರಿಗೆ ಹೋಗಿ ಬರುವುದು, ಹಿಂದಿ ಪುಸ್ತಕ ಹಿಡಿದು ಹಿತ್ತಲಲ್ಲಿ ಗಟ್ಟಿಯಾಗಿ ಓದುವುದು, ಯಾವುದೂ ಸೇರುತ್ತಿರಲಿಲ್ಲ. ಓದಿದವಳಿಗೆ ಓದಿದ ಗಂಡು ಬೇಕು, ಓದಿದ ಗಂಡಿಗೆ ಮತ್ತೇನೇನೋ ಬೇಕು ಎಂದು ಅಪ್ಪನಿಗೆ ಎಚ್ಚರಿಸುತ್ತಿದ್ದಳು. ಬಂದಾಗಲೆಲ್ಲ ಹೊಸ್ತಿಲ ಮೇಲೆ ಚೀಲ ಇಡುವ ಮೊದಲೇ ನನ್ನನ್ನು ಕೇಳುತ್ತಿದ್ದಳು, “ಮುಗೀತೇನ ನಿನ್ನ ಓದು?” ನಾನು ಇಲ್ಲ ಎನ್ನುತ್ತಿದ್ದೆ. ಅವಳು ಮುಖ ಹೊಳ್ಳಿಸುತ್ತಿದ್ದಳು.

ಕೊನೆಯ ವರ್ಷ ರಾಣೇಬೆನ್ನೂರಿನ ಬೀಜದ ಅಂಗಡಿಯವರ ಮನೆಯಿಂದ ಕೇಳಿಕೊಂಡು ಬಂದರು. ಒಳ್ಳೆಯ ಜನ. ಪರೀಕ್ಷೆ ಮುಗಿದ ಮೇಲೆಯೇ ಮದುವೆ ಎಂದು ಅಪ್ಪ ಹೇಳಿದ್ದಕ್ಕೂ ಒಪ್ಪಿದರು. ಪರೀಕ್ಷೆ ಮುಗಿಯುವ ದಿನ ನೋಡಿ, ಅದಕ್ಕೆ ಇನ್ನೊಂದು ವಾರ ಸೇರಿಸಿ ಮುಹೂರ್ತ ಇಟ್ಟರು. ಪತ್ರಿಕೆ ಹಂಚಿದ್ದಾಯಿತು. ಆಮೇಲೆ ಪರೀಕ್ಷೆ ಮುಂದಕ್ಕೆ ಹೋಯಿತು. ಯಾಕೆ ಎಂದು ನಮಗೆ ಯಾರೂ ಹೇಳಲಿಲ್ಲ. ಕಾಲೇಜಿನ ಬೋರ್ಡಿಗೆ ಹೊಸ ವೇಳಾಪಟ್ಟಿ ಅಂಟಿಸಿದರು. ಉಳಿದವೆಲ್ಲ ಹೇಗೋ ಹೊಂದಿಕೊಂಡವು. ಕೊನೆಯ ಹಿಂದಿ ಪೇಪರು ಮಾತ್ರ ಮದುವೆಯ ಹಿಂದಿನ ದಿನ ಮಧ್ಯಾಹ್ನ ಬಿತ್ತು.

ಹಿಂದಿನ ದಿನವೆಂದರೆ ಸುರಗಿ. ನಿಮ್ಮ ಕಡೆ ಏನನ್ನುತ್ತೀರೋ. ನಾಲ್ಕು ಮೂಲೆಗೆ ನಾಲ್ಕು ನೀರು ತುಂಬಿದ ತಂಬಿಗೆ ಇಟ್ಟು, ಅವುಗಳ ಕುತ್ತಿಗೆಗೆ ಹಸಿ ನೂಲು ಸುತ್ತಿ, ನೂಲಿನ ಚೌಕದೊಳಗೆ ಮದುಮಗಳನ್ನೂ ಅವಳ ತಂದೆ ತಾಯಿಯನ್ನೂ ಮಣೆಯ ಮೇಲೆ ಕೂರಿಸಿ, ಅರಿಶಿಣ ಎಣ್ಣೆ ಹಚ್ಚಿ ಮುತ್ತೈದೆಯರು ನೀರು ಹಾಕುತ್ತಾರೆ. ಅದು ಮಧ್ಯಾಹ್ನ ದಾಟಬಾರದು. ಒಮ್ಮೆ ಸುರಗಿ ನೀರು ಬಿತ್ತೆಂದರೆ ತಲೆಯ ಮೇಲೆ ಅಕ್ಷತೆ ಬೀಳುವ ತನಕ ಮದುಮಗಳು ಊರ ಗಡಿ ದಾಟುವಂತಿಲ್ಲ. ಪರೀಕ್ಷೆ ಇದ್ದದ್ದು ಹಾವೇರಿಯಲ್ಲಿ.

ಬರುವ ವರ್ಷ ಕಟ್ಟಿದರಾಯಿತು ಎಂದು ಅಪ್ಪ ಮೆಲ್ಲಗೆ ಅಂದ. ಬರುವ ವರ್ಷ ಎಂಬುದರ ಅರ್ಥ ನನಗೆ ಗೊತ್ತಿತ್ತು. ನಮ್ಮ ಓಣಿಯಲ್ಲೇ ಅಂಥವರಿದ್ದರು. ಬಿ.ಎ. ಆಗಿದೆ, ಒಂದು ಸಬ್ಜೆಕ್ಟ್ ಉಳಿದಿದೆ ಎಂದು ಅವರನ್ನು ಪರಿಚಯ ಮಾಡಿಸುತ್ತಿದ್ದರು. ಮಕ್ಕಳಾಗಿ, ಆ ಮಕ್ಕಳು ಶಾಲೆಗೆ ಹೋದ ಮೇಲೂ ಆ ಒಂದು ಸಬ್ಜೆಕ್ಟ್ ಹಾಗೇ ಉಳಿದಿರುತ್ತಿತ್ತು. ಮದುವೆಯಾದ ಮೇಲೆ ಯಾರು ಕಳಿಸುತ್ತಾರೆ, ಯಾರು ಕರೆದುಕೊಂಡು ಹೋಗುತ್ತಾರೆ? ನಾನು ಹಿತ್ತಲಿಗೆ ಹೋಗಿ ಹಿಂದಿ ಪುಸ್ತಕದ ಮೇಲೆ ಕೈ ಇಟ್ಟುಕೊಂಡು ಕುಳಿತೆ. ತೆರೆಯಲಿಲ್ಲ. ತೆರೆದರೆ ಅತ್ತುಬಿಡುತ್ತೇನೆ ಅನಿಸಿತ್ತು.

ಆ ಸಂಜೆ ಅಂಗಳದಲ್ಲಿ ಮದುವೆ ಮಾಡಿಸುವ ಅಯ್ಯನವರು ಕುಳಿತು ಚಹಾ ಕುಡಿಯುತ್ತಿದ್ದರು. ನೀಲವ್ವ ಅತ್ತೆ ಮದುವೆಯ ಕೆಲಸಕ್ಕೆಂದು ಆಗಲೇ ಬಂದಿದ್ದಳು. ಶಾವಿಗೆಯ ಹರಿವಾಣ ಪಕ್ಕಕ್ಕೆ ಸರಿಸಿ ಕೇಳಿದಳು:

“ಅಯ್ನಾರ, ಸುರಗಿ ಇಂಥಾ ಊರಾಗ ಹಾಕಬೇಕಂತ ಏನರ ಕಟ್ಟೈತೇನ್ರಿ?”

ಹಾಗೇನಿಲ್ಲ, ಜಾಗ ಸ್ವಚ್ಛ ಇರಬೇಕು ಎಂದರು ಅವರು.

“ಹಂಗಾರ ಹಾವೇರ್ಯಾಗ ಹಾಕೂಣು. ನೀರ ಬಿದ್ದ ಮ್ಯಾಲ ಗಡಿ ದಾಟಂಗಿಲ್ಲ, ಖರೇ. ಬೀಳೂಕಿಂತ ಮೊದಲ ದಾಟಿದ್ರ?”

ಅಯ್ಯನವರು ಬಟ್ಟಲು ಕೆಳಗಿಟ್ಟು, ಸಂಜೆ ಹೊಳ್ಳಿ ಬರುವಾಗ ಹುಡುಗಿ ಗಡಿ ದಾಟಿಯೇ ಬರಬೇಕಲ್ಲ ಎಂದರು.

“ದಾಟಿ ಹೋಗಬಾರದು ಅಂತ ಹೇಳ್ಯಾರ. ದಾಟಿ ಬರಬಾರದು ಅಂತ ಯಾರು ಹೇಳ್ಯಾರ್ರಿ? ಮನಿಗೆ ಬರಾಕ ಯಾ ಶಾಸ್ತ್ರ ಅಡ್ಡ ಬರತೈತಿ?”

ಅಯ್ಯನವರು ಸ್ವಲ್ಪ ಹೊತ್ತು ಬೇವಿನ ಗಿಡ ನೋಡಿದರು. ಆಮೇಲೆ ಇನ್ನರ್ಧ ಬಟ್ಟಲು ಚಹಾ ಕೇಳಿದರು. ಅದನ್ನೇ ಒಪ್ಪಿಗೆ ಎಂದು ತಿಳಿಯಲಾಯಿತು. ಅಪ್ಪ ಬಾಯಿ ತೆರೆದ; ಅತ್ತೆ ಅವನ ಕಡೆ ನೋಡಿದಳು; ಮುಚ್ಚಿದ. ನಾನು ಹಿತ್ತಲ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದೆ. ಯಾವ ಬಾಯಿ ಮೂರು ವರ್ಷ ನನ್ನ ಓದನ್ನು ಹಂಗಿಸಿತ್ತೋ ಅದೇ ಬಾಯಿ ಈ ಮಾತನ್ನು ಆಡಿತೆಂದು ನಂಬಿಕೆ ಬರಲಿಲ್ಲ.

ಹಾವೇರಿಯಲ್ಲಿ ಅಂಗಳ ಯಾರದು? ಅದೂ ಅತ್ತೆಯದೇ ಗುರುತು. ಜೈನಾಬಿ ಎಂದು ಒಬ್ಬ ಬಳೆಗಾರ್ತಿ, ಬಳೆಯ ಮಲಾರ ಹೊತ್ತು ಬಸ್ಸಿನಲ್ಲಿ ಊರೂರು ತಿರುಗುವವಳು. ನಮ್ಮ ಮನೆಯ ಹೆಣ್ಣುಮಕ್ಕಳ ಕೈಯ ಅಳತೆಯೆಲ್ಲ ಅವಳಿಗೆ ಬಾಯಿಪಾಠ. ಹೇಗೂ ಮದುಮಗಳಿಗೆ ಬಳೆ ಇಡಿಸಬೇಕಿತ್ತು. ಕಾಲೇಜಿನಿಂದ ಎರಡು ಓಣಿ ಆಚೆ ಅವಳ ಮನೆ. ಮುಂದೆ ಸಗಣಿ ಸಾರಿಸಿದ ಒಂದು ತುಂಡು ಅಂಗಳ.

ಆ ದಿನ ಬೆಳಿಗ್ಗೆ ನಾವು ಮೋಟೆಬೆನ್ನೂರಿನಲ್ಲಿ ಬಸ್ಸು ಹತ್ತಿದ್ದು ನೆನೆದರೆ ಈಗಲೂ ಅದು ನಡೆದದ್ದೋ ಕನಸಿನಲ್ಲಿ ಕಂಡದ್ದೋ ಎಂದು ಅನುಮಾನ ಬರುತ್ತದೆ. ಅಪ್ಪ ಮೂರು ಮಣೆ ಬಗಲಲ್ಲಿ ಹಿಡಿದಿದ್ದ. ಅವ್ವ ಅರಿಶಿಣದ ಗಂಟು. ನಾನು ಹಾಲ್ ಟಿಕೆಟ್ಟು. ಅತ್ತೆ ತಂಬಿಗೆಗಳ ಚೀಲ. ಕಂಡಕ್ಟರು ಲಗ್ನವೋ ವಾಸ್ತುವೋ ಎಂದು ಕೇಳಿದ. ಪರೀಕ್ಷೆ ಎಂದೆ. ಅವನು ಮತ್ತೇನೂ ಕೇಳದೆ ಟಿಕೆಟು ಹರಿದು ಕೊಟ್ಟ.

ಜೈನಾಬಿಯ ಅಂಗಳದಲ್ಲಿ ಚೀಲ ಬಿಚ್ಚಿದರೆ ತಂಬಿಗೆ ಮೂರೇ ಇದ್ದವು. ಬಸ್ಸು ಹತ್ತುವ ಗಡಿಬಿಡಿಯಲ್ಲಿ ಅತ್ತೆ ಮಂದಿಯನ್ನು ಎಣಿಸಿದ್ದಳು, ತಂಬಿಗೆಯನ್ನು ಎಣಿಸಿರಲಿಲ್ಲ. ನೀರು ಕುಡಿಯಲು ತೆಗೆದ ಒಂದು ತಂಬಿಗೆ ಮೋಟೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿಯೇ ಉಳಿದಿತ್ತು. (ಸಂಜೆ ಹೊಳ್ಳಿ ಬಂದಾಗ ಚಹಾದಂಗಡಿಯವನು ಅದರಲ್ಲಿ ನೀರು ತುಂಬಿ ಗಿರಾಕಿಗಳಿಗೆ ಕೊಡುತ್ತಿದ್ದ.) ನಾಲ್ಕನೇ ಮೂಲೆ ಖಾಲಿ. ಬಿಸಿಲು ನೆತ್ತಿಗೆ ಬರುತ್ತಿದೆ. ಅಪ್ಪ ಅಂಗಡಿಗೆ ಹೋಗಿ ತರುತ್ತೇನೆಂದ. ಹೊತ್ತಾಗುತ್ತದೆಂದು ಅತ್ತೆ ಬಿಡಲಿಲ್ಲ. ಆಗ ಜೈನಾಬಿ ಒಳಗಿನಿಂದ ಒಂದು ಪಾತ್ರೆ ತಂದು ಹಿಡಿದುಕೊಂಡು ನಿಂತಳು. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯಲು ಅವರ ಮನೆಯಲ್ಲಿ ಇಟ್ಟುಕೊಂಡಿದ್ದ, ಮೂತಿಯಿದ್ದ ತಾಮ್ರದ ಪಾತ್ರೆ. ಕೊಡಲೋ ಬೇಡವೋ ಎಂದು ಅವಳಿಗೇ ಅಳುಕು.

“ನಡೀತೈತೇನ ನೀಲವ್ವಾ, ನಿಮ್ಮ ಶಾಸ್ತ್ರಕ್ಕ?”

ಅತ್ತೆ ಅದನ್ನು ಮೇಲೆ ಕೆಳಗೆ ನೋಡಿದಳು. ಎಲ್ಲ ಸೂತ್ರಗಳನ್ನೂ ಒಳಗೊಳಗೇ ತಿರುವಿ ಹಾಕುತ್ತಿದ್ದಳೆಂದು ಕಾಣುತ್ತದೆ.

“ನೀರ ನಿಲ್ತೈತಿಲ್ಲೋ? ಇಡು.”

ಮೂರು ತಂಬಿಗೆ, ಒಂದು ಮೂತಿಯ ಪಾತ್ರೆ. ನೂಲು ಮೂರು ಮೂಲೆಗಳಲ್ಲಿ ಸುಮ್ಮನೆ ತಿರುಗಿತು, ನಾಲ್ಕನೆಯದರಲ್ಲಿ ಪ್ರತಿ ಸುತ್ತಿಗೂ ಮೂತಿಗೆ ತೊಡರಿ ಬಿಡಿಸಿಕೊಂಡು ಹೋಯಿತು. ಒಳಗೆ ನಾನು ನಡುವೆ, ಎಡಕ್ಕೆ ಅವ್ವ, ಬಲಕ್ಕೆ ಅಪ್ಪ. ಅತ್ತೆ ಒಬ್ಬಳೇ ಸೋಬಾನೆ ಎತ್ತಿದಳು. ಅವಳ ಹಿಂದೆ ದನಿಗೂಡಿಸಿದ್ದು ಜೈನಾಬಿ ಮತ್ತು ಸದ್ದು ಕೇಳಿ ಬಂದ ನೆರೆಯ ಇಬ್ಬರು ಹೆಂಗಸರು. ಮೊದಲ ನೀರು ತಲೆಗೆ ಬಿದ್ದಾಗ ಕಣ್ಣು ಮುಚ್ಚಿದೆ. ಅರಿಶಿಣದ ನೀರು ರೆಪ್ಪೆಯ ಮೇಲಿಂದ ಇಳಿಯುವಾಗ ಲೋಕವೆಲ್ಲ ಹಳದಿ. ಎಲ್ಲ ಸದ್ದೂ ದೂರ ಹೋಗಿ, ನಾನು ಕಲಿತ ಹಿಂದಿ ಸಾಲುಗಳು ನೀರಿನೊಡನೆ ಕಿವಿಯಿಂದ ಹರಿದು ಹೋಗುತ್ತಿವೆ ಅನಿಸಿ ಹೆದರಿದೆ. ಪಕ್ಕದಲ್ಲಿ ಅಪ್ಪ ತಣ್ಣೀರಿನ ಚಳಿಗೆ ಹಲ್ಲು ಕಡಿಯುತ್ತಿದ್ದ. ಮೆಣಸಿನಕಾಯಿಯ ಖಾರ ಎಂದೂ ಪೂರ್ತಿ ಬಿಡದ ಅವ್ವನ ಕೈ ನನ್ನ ಕೈ ಮೇಲಿತ್ತು.

ಜೈನಾಬಿ ತನ್ನ ಪಾಲಿನ ನೀರು ಹಾಕುತ್ತ ಅವರ ಮನೆ ಮಾತಿನಲ್ಲಿ ಅಂದಳು: “ನ್ಹಾಲೇ ಬೇಟಿ. ನ್ಹಾಕೆ ಜಾ.” ಮಿಂದುಕೋ ಮಗಳೇ, ಮಿಂದು ಹೋಗು. ಶಾಲೆಯಲ್ಲಿ ಆ ಕೋಶ ನೋಡುವಾಗ ತಿಳಿಯಿತು, ಆ ‘ನ್ಹಾ’ ಕೂಡ ಹಳೆಯ ‘ಸ್ನಾ’ದ ಮೊಮ್ಮಗಳು. ಬಾಯಿಂದ ಬಾಯಿಗೆ ಉರುಳುತ್ತ ಬಂದು, ಮೊದಲಿನ ‘ಸ’ ಹಾದಿಯಲ್ಲಿ ಸವೆದು ಹೋಗಿ, ಹಾವೇರಿಯ ಒಂದು ಅಂಗಳದಲ್ಲಿ ನನ್ನ ತಲೆಯ ಮೇಲೆ ಬಿದ್ದಿತ್ತು.

ಆಮೇಲೆ ಸುತ್ತಿದ ನೂಲನ್ನು ತೆಗೆದು, ಅರಿಶಿಣದ ಕೊಂಬು ಕಟ್ಟಿ ನನ್ನ ಎಡಗೈಗೆ ಕಂಕಣ ಮಾಡಿದರು. ಅವ್ವ ಹಾಲ್ ಟಿಕೆಟ್ಟಿಗೂ ಒಂದು ಬೊಟ್ಟು ಹಚ್ಚಿದಳು. ಕೂದಲು ಆರಲಿಲ್ಲ, ಹಾಗೆಯೇ ಓಡಿದೆ.

ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರು ನನ್ನ ಹಳದಿ ಕೈ, ತುದಿಯಿಂದ ನೀರು ತೊಟ್ಟಿಕ್ಕುವ ಜಡೆ, ಮಣಿಕಟ್ಟಿನ ಗಂಟು ನೋಡಿ ನಿಂತರು. ಕಂಕಣ ಬಿಚ್ಚಿ ತೋರಿಸಬೇಕೆಂದರು. ಗಂಟಿನೊಳಗೆ ಚೀಟಿ ಇದ್ದರೆ ಎಂದು ಅವರ ಚಿಂತೆ. ಬಿಚ್ಚಲಿಕ್ಕೆ ಬರುವುದಿಲ್ಲ ಸರ್ ಎಂದೆ. ಇಷ್ಟು ದೂರ ಬಂದದ್ದು ಇಲ್ಲಿ, ಈ ಬೆಂಚಿನ ಹತ್ತಿರ ಮುಗಿಯಿತು ಎಂದುಕೊಂಡೆ.

“ಲಗ್ನ ಯಾವಾಗವಾ?”

“ನಾಳೇರಿ.”

ಅವರು ಪ್ರಶ್ನೆಪತ್ರಿಕೆ ನನ್ನ ಮುಂದೆ ಇಟ್ಟು, ಗೋಡೆಯ ಹತ್ತಿರ ಹೋಗಿ ನನ್ನ ತಲೆಯ ಮೇಲಿನ ಫ್ಯಾನನ್ನು ಬಂದ್ ಮಾಡಿದರು. ಹಸಿ ಕೂದಲು, ನೆಗಡಿಯಾದೀತು ಎಂದು.

ಏನು ಬರೆದೆನೋ ನೆನಪಿಲ್ಲ. ಉತ್ತರಪತ್ರಿಕೆಯ ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಹಳದಿ ಹೆಬ್ಬೆಟ್ಟು ಇತ್ತು, ಅದು ನೆನಪಿದೆ. ಹೊರಗೆ ಬಂದಾಗ ಗೇಟಿನ ಎದುರಿನ ಗಿಡದ ಕೆಳಗೆ ಮೂವರೂ ಕುಳಿತಿದ್ದರು. ಅಪ್ಪ ಅವ್ವ ಮುಖಕ್ಕೆಲ್ಲ ಅರಿಶಿಣ ಮೆತ್ತಿಕೊಂಡು, ಹೋಗಿ ಬರುವವರೆಲ್ಲ ತಿರುಗಿ ನೋಡುತ್ತಿದ್ದರೂ ಪರಿವೆಯಿಲ್ಲದೆ ಪುಠಾಣಿ ತಿನ್ನುತ್ತಿದ್ದರು. ಅತ್ತೆ ಎದ್ದು ನಿಂತಳು.

“ಮುಗೀತೇನ ನಿನ್ನ ಓದು?”

ಮುಗೀತು ಅತ್ತಿ ಎಂದೆ. ಅವಳು ಹೂಂ ಎಂದು ಚೀಲ ಹೆಗಲಿಗೆ ಹಾಕಿಕೊಂಡಳು. ಚೀಲದಲ್ಲಿ ಮೂತಿಯ ಪಾತ್ರೆಯೂ ಇತ್ತು. ಸುರಗಿಗೆ ಇಟ್ಟದ್ದು ಮದುಮಗಳ ಜೊತೆ ಹೋಗಬೇಕು, ಮರಳಿ ತಗೊಳ್ಳುವುದಿಲ್ಲ ಎಂದು ಜೈನಾಬಿಯೇ ಹಟ ಹಿಡಿದು ಹಾಕಿಸಿದ್ದಳಂತೆ. ಗಡಿ ದಾಟಿ ಬಂದೆವು. ಏನೂ ಆಗಲಿಲ್ಲ. ಮರುದಿನ ಅಕ್ಷತೆ ಬಿತ್ತು. ತಿಂಗಳುಗಳು ಕಳೆದ ಮೇಲೆ ರಾಣೇಬೆನ್ನೂರಿನ ಅಂಗಡಿಯಲ್ಲಿ ಬೀಜದ ಚೀಲಗಳ ನಡುವೆ ನಿಂತು ಪಾಸಾದ ಸುದ್ದಿ ಕೇಳಿದೆ.

ಓದು ಮುಗಿದು ಮೀಯಬೇಕೆನ್ನುತ್ತದೆ ಕೋಶ. ನಾನು ಮಿಂದು ಓದು ಮುಗಿಸಿದೆ. ತುಸು ಹಿಂದುಮುಂದಾಯಿತು, ಅಷ್ಟೇ. ಆ ನೂಲಿನೊಳಗೆ ನನ್ನ ಜೊತೆ ಇನ್ನಿಬ್ಬರು ಮಿಂದಿದ್ದರು ಎಂಬುದನ್ನು ಮಾತ್ರ ನನ್ನ ಗೇಟಿನ ಕಲ್ಲಿನಲ್ಲಿ ಎಲ್ಲಿ ಕೆತ್ತಿಸಬೇಕೋ ತಿಳಿಯುತ್ತಿಲ್ಲ.

ಕಳೆದ ತಿಂಗಳು ನೀಲವ್ವ ಅತ್ತೆ ಕಣ್ಣು ತೋರಿಸಲು ರಾಣೇಬೆನ್ನೂರಿಗೆ ಬಂದಳು. ಈಗ ಬೆನ್ನು ಬಾಗಿದೆ, ನಿಯಮಗಳು ಬಾಗಿಲ್ಲ. ಶವರ್ ಬೇಡವೆಂದಳು, ಮೇಲಿಂದ ಬೀಳುವ ನೀರಿಗೆ ಹೇಳಿಕೇಳುವವರಿಲ್ಲವಂತೆ. ಮೂಲೆಯ ಪಾತ್ರೆ ಕಂಡು, ಅದರಲ್ಲೇ ಹಾಕು ಎಂದು ಮಣೆಯ ಮೇಲೆ ಕುಳಿತಳು. ಬೆನ್ನು ತಿಕ್ಕುತ್ತ ನಾನು ಸ್ನಾತಕದ ಕಥೆ ಹೇಳಿದೆ. ಡಿಗ್ರಿ ಆದವರಿಗೆ ಹಿಂದಿಯಲ್ಲಿ ಜಳಕ ಮಾಡಿದವರು ಅಂತಾರ ಅತ್ತಿ ಎಂದೆ.

“ಹಂಗಾರ ಎಮ್ಮಿಗೆ ಮೊದಲ ಕೊಡಬೇಕಾತು. ದಿನಾ ಕೆರ್ಯಾಗ ಬಿದ್ದಿರತಾವು.”

ಇಬ್ಬರೂ ನಕ್ಕೆವು. ಉಗಿಯಲ್ಲಿ ಅವಳ ಮುಖ ಮಸುಕಾಗಿ ಕಾಣುತ್ತಿತ್ತು. ಇಷ್ಟು ವರ್ಷ ಕೇಳದೇ ಉಳಿದದ್ದನ್ನು ಆಗ ಕೇಳಿದೆ. ಕಾಲೇಜು ಬೇಡ ಬೇಡ ಅನ್ನುತ್ತಿದ್ದವಳು ಅವತ್ತು ಯಾಕೆ ಹಾಗೆ ಮಾಡಿದಿ ಎಂದು. ಅವಳು ಮುಖದ ತುಂಬ ಸಾಬೂನು ಹಚ್ಚಿಕೊಂಡು ಕಣ್ಣು ಮುಚ್ಚಿದ್ದಳು.

“ನನಗ ಸುರಗಿ ನೀರ ಹಾಕೂಮುಂದ ಸಾಲಿ ಗಂಟಿ ಹೊಡ್ಯಾಕತ್ತಿತ್ತು,” ಅಂದಳು. “ಆವಾಗ ನಮ್ಮ ಸಾಲಿ ಹಳ್ಳದ ಆಕಡಿ ಇತ್ತು. ಗಡಿ ದಾಟಂಗಿಲ್ಲ ಅಂದ್ರು. ಮಣೀ ಮ್ಯಾಲ ಕುಂತು ಕೇಳಿದೆ, ನಿಲ್ಲೂತನಕಾ.”

ನನ್ನ ಕೈ ಅವಳ ಬೆನ್ನ ಮೇಲೆ ನಿಂತಿತು.

“ಕಣ್ಣಾಗ ಸಾಬಾಣ ಹೊಂಟೈತಿ. ನೀರ ಹಾಕು.”

ಪಾತ್ರೆ ತುಂಬಿ ಎತ್ತಿ ಸುರಿದೆ. ಬಾಯಿಯ ನೀರು ಅವಳ ಬಿಳಿ ತಲೆಯ ಮೇಲೆ ಬಿತ್ತು. ಮೂತಿಯ ಎಳೆ ಎಂದಿನಂತೆ ತನ್ನ ದಿಕ್ಕು ಹಿಡಿದು ನನ್ನ ಸೀರೆಯನ್ನೆಲ್ಲ ತೋಯಿಸಿತು. ನಾನು ಪಕ್ಕಕ್ಕೆ ಸರಿಯಲಿಲ್ಲ.